ಅಂಬ್ರಪ್ಪ ಏಳು ಮನೆ ಉಂಡ ತಿಂಗಳು

ಶಹಾಪುರದಿಂದ ವನದುರ್ಗದ ಕಡೆ ಹೋಗುವ ದಾರಿಯಲ್ಲಿ, ಕಾಲುವೆಯ ಏರಿಯ ಕೆಳಗೆ, ಎಂಟು ಮನೆಗಳ ಒಂದು ಸಾಲಿತ್ತು. ಕಾಲುವೆ ಅಗೆಯುವ ಕಾಲಕ್ಕೆ ನೌಕರರಿಗೆಂದು ತಾತ್ಕಾಲಿಕವಾಗಿ ಕಟ್ಟಿದ ಮನೆಗಳು. ನೀರು ಬಂದು ಹತ್ತು ವರ್ಷ ಕಳೆದರೂ ಅವು ತಾತ್ಕಾಲಿಕವಾಗಿಯೇ ಇದ್ದವು. ಸುತ್ತಲಿನ ಹಳ್ಳಿಯವರು ಅದಕ್ಕೆ ಕ್ಯಾಂಪು ಎನ್ನುತ್ತಿದ್ದರು. ಆ ಸಾಲಿನ ಮೂರನೆಯ ಮನೆ ಅಂಬ್ರಪ್ಪನದು.

ಅಂಬ್ರಪ್ಪ ಗೇಜ್ ರೀಡರ್. ಕಾಲುವೆಯ ಗೋಡೆಗೆ ಬರೆದ ಅಳತೆಪಟ್ಟಿಯ ಯಾವ ಗೆರೆಯವರೆಗೆ ನೀರು ನಿಂತಿದೆ ಎಂದು ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ನೋಡಿ, ಪುಸ್ತಕದಲ್ಲಿ ಬರೆದು, ವೈರ್‌ಲೆಸ್‌ನಲ್ಲಿ ಮೇಲಿನವರಿಗೆ ಹೇಳುವುದು ಅವನ ಕೆಲಸ. ಏರಿಯ ಮೇಲೆ ನಿಂತು ಬಗ್ಗಿ ನೋಡಿದರೂ ಸಾಕಿತ್ತು. ಅಂಬ್ರಪ್ಪ ಹಾಗೆ ನೋಡುವವನಲ್ಲ. ಇಪ್ಪತ್ತೆರಡು ಮೆಟ್ಟಿಲು ಇಳಿದು, ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಅಲೆ ಅಡಗುವವರೆಗೆ ಕಾದು ಬರೆಯುತ್ತಿದ್ದ.

ಒಮ್ಮೆ ಕೆಳಗಿನ ಹಳ್ಳಿಯ ದೊಡ್ಡ ರೈತನೊಬ್ಬ ಬೀಡಿ ಕೊಟ್ಟು ಪಕ್ಕದಲ್ಲಿ ಕೂತ.

"ಒಂದು ಮೀಟರ್ ನಲವತ್ನಾಕು ಅಂತ ಬರ್ಕೊ ಅಂಬ್ರಪ್ಪ. ಮ್ಯಾಲಿನವ್ರು ಇನ್ನಷ್ಟ ನೀರು ಬಿಡ್ತಾರ."

"ನಲವತ್ತೇಳು ಅದರಿ."

"ಮೂರು ಗೆರಿಗೆ ಏನಾಗ್ತದ?"

"ಮೂರು ಗೆರಿ ಸುಳ್ಳ ಆಗ್ತದರಿ," ಎಂದು ಅಂಬ್ರಪ್ಪ ಬೀಡಿ ಹಿಂತಿರುಗಿಸಿದ.

ಈ ಗುಣ ಕಾಲುವೆಯ ಮೇಲೆ ಚೆನ್ನಾಗಿತ್ತು. ಮನೆಯಲ್ಲಿ ಅಷ್ಟು ಚೆನ್ನಾಗಿರಲಿಲ್ಲ. ಅವನ ಹೆಂಡತಿ ಮರಿಲಿಂಗಮ್ಮ ಹೊಸ ಸೀರೆ ಉಟ್ಟು ಹೇಗಿದೆ ಎಂದು ಕೇಳಿದರೆ, ಮುಂದಿನಿಂದ ನೋಡಿ, ಹಿಂದಿನಿಂದ ನೋಡಿ, "ಎಡಕ್ಕ ಎರಡ ಬೆರಳ ಕೆಳಗ ಬಂದದ," ಎನ್ನುತ್ತಿದ್ದ. ಇಬ್ಬರು ಗಂಡುಮಕ್ಕಳು ಸುರಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅಂಬ್ರಪ್ಪ ಊಟಕ್ಕೆ ಒಂದೂವರೆ ರೊಟ್ಟಿ ತಿನ್ನುವ ಮನುಷ್ಯ. ಉಳಿದ ಅರ್ಧ ರೊಟ್ಟಿ ಯಾರಿಗೆ ಎಂಬುದು ಮರಿಲಿಂಗಮ್ಮನ ಹದಿನೆಂಟು ವರ್ಷದ ಸಂಸಾರದ ದೂರು.

ಸಾವಿರದ ಒಂಬೈನೂರ ತೊಂಬತ್ತೆಂಟರ ದೀಪಾವಳಿಯ ಹೊತ್ತಿಗೆ ಉಳ್ಳಾಗಡ್ಡಿಯ ಬೆಲೆ ಕಿಲೋಗೆ ನಲವತ್ತು ರೂಪಾಯಿ ಮುಟ್ಟಿತು. ಎಣ್ಣೆ, ಬೇಳೆ ಅದರ ಹಿಂದೆಯೇ ಏರಿದವು. ಕ್ಯಾಂಪಿನ ಎಂಟೂ ಮನೆಗೆ ಇದ್ದ ಒಂದೇ ನಲ್ಲಿಯ ಹತ್ತಿರ ಬೆಳಗಾದರೆ ಇದೇ ಮಾತು. ಒಬ್ಬಳು ಉಳ್ಳಾಗಡ್ಡಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳಂತೆ. ಇನ್ನೊಬ್ಬಳು ಗಂಡನಿಗೆ ಉಳ್ಳಾಗಡ್ಡಿಯ ವಾಸನೆಯನ್ನಷ್ಟೇ ತೋರಿಸಿ ರೊಟ್ಟಿ ತಿನ್ನಿಸಿದ್ದಳಂತೆ.

ಅಲ್ಲಿ ಒಂದು ಪಂದ್ಯ ಇಡೋಣ ಎಂದು ಮೊದಲು ಹೇಳಿದವಳು ಶಿವಬಸಮ್ಮ. ಅವಳು ಹೆಡ್‌ಕ್ಲಾರ್ಕ್ ಚನ್ನಯ್ಯನ ಹೆಂಡತಿ, ಮೊದಲನೆಯ ಮನೆಯವಳು. ಅಚ್ಚುಕಟ್ಟಿನ ಹೆಂಗಸು, ಅಡುಗೆಮನೆಯಲ್ಲಿ ಡಬ್ಬಿಗಳು ಎತ್ತರದ ಪ್ರಕಾರ ನಿಂತಿರುತ್ತಿದ್ದವು.

"ನವೆಂಬರ್ ಒಂದರಿಂದ ಮೂವತ್ತರ ತನಕ. ತಿಂಗಳ ಪೂರಾ ಹೊಟ್ಟಿ ಸಲುವಾಗಿ ಅಂಗಡ್ಯಾಗ ಏನೇನ ತರ್ತೀವಿ, ಎಲ್ಲಾ ಬರದಿಡಬೇಕು. ಜ್ವಾಳ ಅಕ್ಕಿ ಬಿಟ್ಟಬಿಡ್ರಿ, ಅವು ಹೊಲದಾಗಿಂದ ಬಂದಿರ್ತಾವ. ಉಳಿದದ್ದು ಕೂಡಿಸಿ ಮನ್ಯಾಗ ಎಷ್ಟ ತಲಿ ಅದಾವೊ ಅಷ್ಟಕ್ಕ ಹಂಚಬೇಕು. ಯಾರದು ಕಮ್ಮಿ ಬರ್ತದ ಅವರಿಗಿ ಕುಕ್ಕರು. ಮನಿಗಿ ಐವತ್ತರಂಗ ಎಲ್ಲರೂ ಕೂಡಿ ಕೊಡಸೋದು."

ಕುಕ್ಕರಿನ ಮಾತಿಗೆ ಕೊಡಗಳು ನಿಂತಲ್ಲೇ ನಿಂತವು. ಆದರೆ ಐದನೆಯ ಮನೆಯ ಚಮನಬೀ ಒಂದು ತೊಡಕು ತೆಗೆದಳು. ಅವಳು ಜೀಪು ಓಡಿಸುವ ಯೂನುಸನ ಹೆಂಡತಿ. ಯಾವ ಮಾತಿಗೂ ಇನ್ನೊಂದು ಮಗ್ಗುಲು ಕಾಣುವವಳು.

"ನಾ ತಿಂಗಳ ತನಕ ರೊಟ್ಟಿ ಉಪ್ಪು ಕೊಟ್ರ ಕುಕ್ಕರ್ ನಂದೇ. ಆದ್ರ ಯೂನುಸ ಜೀಪ್ ತಗೊಂಡು ಓಡಿ ಹೋಗ್ತಾನ. ಉಂಡ ಊಟ ಊಟ ಹೌದೊ ಅಲ್ಲೊ ನೋಡಾಕ ಒಬ್ರು ಬೇಕಲ್ಲ?"

ಒಪ್ಪಿಗೆಯಾಯಿತು. ಪರೀಕ್ಷಕರೊಬ್ಬರು ಹೇಳದೆ ಕೇಳದೆ ಯಾವ ಮನೆಗಾದರೂ ಊಟಕ್ಕೆ ಬರಬೇಕು. ಊಟ ಸರಿಯಿದ್ದರೆ ಪಾಸು. ನಪಾಸಾದರೆ ಆ ಮನೆಯ ತಲೆಲೆಕ್ಕಕ್ಕೆ ಸಲಕ್ಕೆ ಹತ್ತು ರೂಪಾಯಿ ಜಾಸ್ತಿ. ಪರೀಕ್ಷಕರು ಯಾರು ಎನ್ನುವಲ್ಲಿ ಮತ್ತೆ ತೊಡಕು. ಚನ್ನಯ್ಯ ಹೆಂಡತಿಗೆ ಹೆದರುತ್ತಾನೆ. ಯೂನುಸನಿಗೆ ಖಂಡ ಇದ್ದದ್ದು ಊಟ, ಇಲ್ಲದ್ದು ಅಲ್ಲ. ಗ್ಯಾಂಗ್‌ಮನ್ ಅಮರಪ್ಪನಿಗೆ ಸಂಜೆಯಾದ ಮೇಲೆ ನಾಲಗೆ ನಂಬಿಕೆಯದಲ್ಲ. ಇದನ್ನು ಹೇಳಿದವಳು ಅವನ ಹೆಂಡತಿ ಬಸ್ಸಮ್ಮನೇ.

"ಅಂಬ್ರಪ್ಪಣ್ಣ ಅದಾನಲ್ಲ," ಎಂದಳು ಚಮನಬೀ. "ಆ ಮನಷ್ಯಾಗ ಸುಳ್ಳ ಹೇಳಂದ್ರ ಹೊಟ್ಟಿ ನೋಯ್ತದ."

ಎಲ್ಲರೂ ಹೌದು ಎನ್ನುವವರಿದ್ದರು. ಅಷ್ಟರಲ್ಲಿ ಎಲ್ಲರ ಕಣ್ಣೂ ಶಿವಬಸಮ್ಮನ ಕಡೆ ಹೋಗಿ, ಬೇಗನೆ ಹಿಂತಿರುಗಿದವು.

ಅಂಬ್ರಪ್ಪನ ಮನೆಯ ಗೋಡೆಯ ಮೇಲೆ ಬುದ್ಧನ ಪಟವೂ ಬಾಬಾಸಾಹೇಬರ ಪಟವೂ ಇದ್ದವು. ಚನ್ನಯ್ಯನ ಮನೆಯ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟವಿತ್ತು. ದಿನಾ ಗೇಜ್ ಪುಸ್ತಕಕ್ಕೆ ಸಹಿ ಹಾಕಿಸಲು ಹೋದಾಗ ಅಂಬ್ರಪ್ಪನಿಗೆ ಪಡಸಾಲೆಯ ಹೊರಗೆ ಆ ಲೋಟದಲ್ಲಿ ಚಹಾ ಬರುತ್ತಿತ್ತು. ಕುಡಿದು ತೊಳೆದು ಅವನೇ ಕಟ್ಟೆಯ ಮೇಲಿಡುತ್ತಿದ್ದ. ನಾಲ್ಕು ವರ್ಷದಿಂದ ಹೀಗಿತ್ತು. ಪಟಕ್ಕೂ ಲೋಟಕ್ಕೂ ಸಂಬಂಧವಿದೆಯೆಂದು ಕ್ಯಾಂಪಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಗೊತ್ತಿಲ್ಲದವರೂ ಯಾರೂ ಇರಲಿಲ್ಲ.

ಶಿವಬಸಮ್ಮ ಸೆರಗು ಸರಿ ಮಾಡಿಕೊಂಡಳು. ಅವಳಿಗೆ ಪಂದ್ಯ ಗೆಲ್ಲುವುದಿತ್ತು. ಗೆದ್ದದ್ದನ್ನು ಯಾರೂ ಅನುಮಾನಿಸಬಾರದು ಎಂದೂ ಇತ್ತು. "ಆಗ್ಲಿ. ಅಂಬ್ರಪ್ಪನೇ ಬರ್ಲಿ," ಎಂದಳು.

ಮರಿಲಿಂಗಮ್ಮ ಕೊಡವನ್ನು ಕಂಕುಳಿಂದ ಇಳಿಸಿದಳು. "ಅಕ್ಕಾರ, ಪಡಸಾಲ್ಯಾಗ ಕುಂತ್ರ ಪರೀಕ್ಷಾ ಆಗಂಗಿಲ್ರಿ. ಒಗ್ಗರಣಿಗಿ ಎಷ್ಟ ಎಣ್ಣಿ ಬೀಳ್ತದ ನೋಡಬೇಕಾದ್ರ ಅಡಗಿ ಮನ್ಯಾಗೇ ಕುಂದ್ರಬೇಕಾಗ್ತದ."

"ಅಡಗಿ ಮನ್ಯಾಗೇ ಕುಂದರ್ಲಿ," ಎಂದಳು ಶಿವಬಸಮ್ಮ, ಸ್ವಲ್ಪ ಜೋರಾಗಿಯೇ.

"ಹಂಗಾರ ಅಂಬ್ರಪ್ಪಣ್ಣನ ಮನಿ ಅಡಗಿ ಯಾರು ನೋಡೋದು?" ಎಂದು ಬಸ್ಸಮ್ಮ ಕೇಳಿದಳು. "ತನ್ನ ಹೇಣ್ತಿಗಿ ತಾನೇ ಪಾಸ್ ಮಾಡಂಗಿಲ್ಲಲ್ಲ."

"ಅಕ್ಕಾರು ನೋಡ್ಲಿ," ಎಂದು ಮರಿಲಿಂಗಮ್ಮ ಶಿವಬಸಮ್ಮನ ಕಡೆ ತೋರಿಸಿದಳು. ಶಿವಬಸಮ್ಮ ಹೂಂ ಎಂದಳೋ, ಕೊಡ ಎತ್ತುವಾಗ ಹಾಗೊಂದು ಸದ್ದು ಬಂತೋ, ಅದು ನಿರ್ಣಯವಾಗಲಿಲ್ಲ. ಉಳಿದವರು ಹೂಂ ಎಂದೇ ಲೆಕ್ಕ ಹಿಡಿದರು.

ಅಂಬ್ರಪ್ಪ ಮಾತ್ರ ಒಪ್ಪಲಿಲ್ಲ. "ನನಗ ಸರ್ಕಾರ ನೀರು ನೋಡಾಕ ಇಟ್ಟದ. ಸಾರು ನೋಡಾಕ ಅಲ್ಲ," ಎಂದ.

"ಸಾರಿನಾಗೂ ನೀರೇ ಇರ್ತದ, ನಡೀರಿ," ಎಂದಳು ಮರಿಲಿಂಗಮ್ಮ.

ನವೆಂಬರ್ ಒಂದರ ಮಧ್ಯಾಹ್ನ, ಹನ್ನೆರಡರ ಮಟ್ಟ ಬರೆದು ಮುಗಿಸಿ, ಅಂಬ್ರಪ್ಪ ಬಸ್ಸಮ್ಮನ ಮನೆಗೆ ಹೋದ. ತಾಟಿನಲ್ಲಿ ರೊಟ್ಟಿ, ಪಕ್ಕದಲ್ಲಿ ಬಟ್ಟಲು ತುಂಬ ಬೇಳೆ ಸಾರು. ಅಂಬ್ರಪ್ಪ ಉಣ್ಣಲಿಲ್ಲ. ಬಟ್ಟಲನ್ನು ನೆಲದ ಮೇಲಿಟ್ಟು, ಬಗ್ಗಿ, ಕಣ್ಣನ್ನು ಅದರ ಮಟ್ಟಕ್ಕೆ ತಂದು ಸುಮ್ಮನೆ ಕೂತ.

"ಯಾಕಣ್ಣ, ನೊಣ ಬಿದ್ದದೇನು?" ಎಂದು ಬಸ್ಸಮ್ಮ ಗಾಬರಿಯಾದಳು.

"ಇಲ್ಲಮ್ಮ. ತಿಳಿಯಾಗ್ಲಿ ಅಂತ ಕಾಯಾಕತ್ತೀನಿ."

ಎರಡು ನಿಮಿಷಕ್ಕೆ ಸಾರು ತಿಳಿಯಾಯಿತು. ಬೇಳೆ ತಳಕ್ಕೆ ಹೋಯಿತು. ಅಂಬ್ರಪ್ಪ ಬೆರಳಿಟ್ಟು ನೋಡಿ ಜೇಬಿನ ಪುಸ್ತಕದಲ್ಲಿ ಬರೆದುಕೊಂಡ: ಬೇಳೆ ತಳದಿಂದ ಅರ್ಧ ಬೆರಳು, ಉಳಿದದ್ದು ನೀರು, ನಪಾಸು. ಬಸ್ಸಮ್ಮನ ಮುಖ ಇಳಿಯಿತು. ಅವಳ ಗಂಡ ಅಮರಪ್ಪ ಹೊಸ್ತಿಲ ಮೇಲೆ ಕೂತವನು, "ನಾ ಅಂದ್ರ ಕೇಳಾಂಗಿಲ್ಲ ನೋಡಣ್ಣ. ಮುಂಜಾನಿಂದ ಇದೇ ನೀರು," ಎಂದು ಪರೀಕ್ಷಕನಿಗೆ ಇನ್ನೊಂದು ರೊಟ್ಟಿ ಹಾಕಿಸಿದ.

ಶಿವಬಸಮ್ಮನ ಮನೆಗೆ ಹೋಗಲು ಅಂಬ್ರಪ್ಪ ನಾಲ್ಕು ದಿನ ತಡಮಾಡಿದ. ಐದನೆಯ ದಿನ ಮರಿಲಿಂಗಮ್ಮ, "ಇವತ್ತು ಒಂದನೇ ಮನಿ," ಎಂದು ಹೇಳಿಯೇ ಕಳಿಸಿದಳು. ಅವನು ಅಭ್ಯಾಸದಂತೆ ಪಡಸಾಲೆಯ ಹೊರಗೆ ನಿಂತ. ಒಳಗಿನಿಂದ ಶಿವಬಸಮ್ಮ, "ಬಾ ಅಂಬ್ರಪ್ಪ, ಒಗ್ಗರಣಿ ಹಾಕಾಕತ್ತೀನಿ, ಆಮ್ಯಾಲ ನೋಡ್ಲಿಲ್ಲ ಅನಬ್ಯಾಡ," ಎಂದಳು. ಚನ್ನಯ್ಯ ಪಡಸಾಲೆಯಲ್ಲಿ ಪೇಪರನ್ನು ತಲೆಕೆಳಗೆ ಹಿಡಿದು ಓದುತ್ತಿದ್ದ.

ಅಡುಗೆಮನೆಯಲ್ಲಿ ಮಣೆ ಹಾಕಿತ್ತು. ಅಂಬ್ರಪ್ಪ ಕೂತ. ಶಿವಬಸಮ್ಮ ಕಡಲೆಹಿಟ್ಟಿನ ಝುಣಕ ಬಡಿಸಿದಳು. ಉಳ್ಳಾಗಡ್ಡಿಯ ಬದಲಿಗೆ ಕೋಸನ್ನು ಸಣ್ಣಗೆ ಹೆಚ್ಚಿ ಹಾಕಿದ್ದಳು. ಅಂಬ್ರಪ್ಪ ಮೊದಲ ತುತ್ತನ್ನು ಬಹಳ ಹೊತ್ತು ಅಗಿದ. ಅಷ್ಟೂ ಹೊತ್ತು ಶಿವಬಸಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಇದು ಝುಣಕ ಅಲ್ರಿ ಅಕ್ಕಾರ."

"ಮತ್ತ?"

"ಏನಂತ ಹೆಸರು ಗೊತ್ತಿಲ್ಲ. ಆದ್ರ ಭಾಳ ಛಲೊ ಆಗ್ಯದ. ಇನ್ನೊಂದು ರೊಟ್ಟಿ ಹಾಕ್ರಿ."

ಮೂರು ರೊಟ್ಟಿ ಆದವು. ಉಂಡು ಎದ್ದು ಅಂಬ್ರಪ್ಪ ತಾಟು ಎತ್ತಿಕೊಂಡು ತೊಳೆಯಲು ಹೊರಟ. ಶಿವಬಸಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ಇಡು. ಪರೀಕ್ಷಾ ಮಾಡೋರ ಕೈಲೆ ತಾಟ ತೊಳಸಿದ್ರ ಊರು ನಗ್ತದ," ಎಂದಳು.

ಮನೆಗೆ ಬಂದಾಗ ಮರಿಲಿಂಗಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಎಲ್ಲಿ ಕುಂತಿದ್ರಿ?"

"ಅಡಗಿ ಮನ್ಯಾಗ."

"ತಾಟು?"

"ಅವ್ರೇ ತಗೊಂಡ್ರು."

ಮರಿಲಿಂಗಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಆಮೇಲೆ, "ಎಷ್ಟ ರೊಟ್ಟಿ ತಿಂದ್ರಿ?" ಎಂದಳು. ಮೂರು ಎಂದು ಕೇಳಿ, "ನನ್ನ ಕೈಯಾಗ ಒಂದೂವರಿ," ಎಂದು ಒಳಗೆ ಹೋದಳು. ಮರುದಿನ ಸಹಿಗೆ ಹೋದಾಗ ಅಂಬ್ರಪ್ಪನಿಗೆ ಚಹಾ ಪಡಸಾಲೆಯ ಒಳಗೆ, ಚನ್ನಯ್ಯನ ಕಪ್ಪಿನ ಜೋಡಿಯ ಕಪ್ಪಿನಲ್ಲಿ ಬಂತು. ಲೋಟ ಎಲ್ಲಿ ಹೋಯಿತೆಂದು ಅವನು ಕೇಳಲಿಲ್ಲ.

ಎರಡನೆಯ ವಾರದ ಹೊತ್ತಿಗೆ ಪಂದ್ಯಕ್ಕೆ ಕಾವೇರಿತು. ಚಮನಬೀ ಒಂದು ದಿನ ಮೀನು ಬಡಿಸಿದಳು. ಯೂನುಸ ಬೆಳಿಗ್ಗೆ ಕಾಲುವೆಯಲ್ಲಿ ಗಾಳ ಹಾಕಿ ಹಿಡಿದದ್ದು. ಸುದ್ದಿ ನಲ್ಲಿಗೆ ಬಂದು ಜಗಳವಾಯಿತು. ಮೀನು ಅಂದರೆ ಮೀನು, ಪೇಟೆಯ ಬೆಲೆ ಹಿಡಿದು ಬರೆಯಬೇಕು ಎಂದಳು ಬಸ್ಸಮ್ಮ. ಅಂಬ್ರಪ್ಪನನ್ನು ಕರೆಸಿದರು.

"ಅಂಗಡ್ಯಾಗ ತಂದದ್ದು ಬರೀಬೇಕು ಅಂತ ಮಾತಾಗಿತ್ತು. ಕಾಲುವಿ ಅಂಗಡಿ ಅಲ್ಲ," ಎಂದ ಅಂಬ್ರಪ್ಪ.

ಆ ಒಂದು ತೀರ್ಪಿನಿಂದ ಕ್ಯಾಂಪಿನ ಗಂಡಸರ ಬಾಳು ಕೆಟ್ಟಿತು. ಹೆಂಡಂದಿರು ಬೆಳಕು ಹರಿಯುವ ಮೊದಲೇ ಅವರ ಕೈಗೆ ಗಾಳ ಕೊಟ್ಟು ಏರಿಗೆ ಅಟ್ಟಿದರು. ಮೀನು ಮುಟ್ಟದ ಮನೆಯವರಿಗೆ ಸೊಪ್ಪಿನ ಪಾಳಿ ಬಂತು. ಹೆಡ್‌ಕ್ಲಾರ್ಕ್ ಚನ್ನಯ್ಯ ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಳಕಾಲಿಗೆ ಮಡಿಸಿ, ಕಾಲುವೆಯ ಬದುವಿನಲ್ಲಿ ಹೊನಗೊನೆ ಸೊಪ್ಪು ಕೀಳುವುದನ್ನು ಶಹಾಪುರದ ಬಸ್ಸಿನವರೆಲ್ಲ ನೋಡಿದರು. ಯಾರೋ ಕಿಟಕಿಯಿಂದ ನಮಸ್ಕಾರ ಮಾಡಿದರಂತೆ. ಚನ್ನಯ್ಯ ಸೊಪ್ಪು ಹಿಡಿದ ಕೈಯಲ್ಲೇ ತಿರುಗಿ ನಮಸ್ಕಾರ ಮಾಡಿದನಂತೆ.

ಇದೇ ಹೊತ್ತಿಗೆ ಅಂಬ್ರಪ್ಪನಿಗೆ ಒಂದು ಅನುಮಾನ ಬಂತು. ಎಲ್ಲ ಮನೆಯಲ್ಲೂ ಊಟ ಸರಿಯಿರುತ್ತಿತ್ತು, ಪಾಸು ಬೀಳುತ್ತಿತ್ತು. ಆದರೆ ಗಂಡಸರ ಮುಖ ಮಾತ್ರ ದಿನದಿಂದ ದಿನಕ್ಕೆ ಬಾಡುತ್ತಿತ್ತು. ಒಂದು ಮಧ್ಯಾಹ್ನ ಬಸ್ಸಮ್ಮನ ಮನೆಯಲ್ಲಿ ಗಟ್ಟಿ ಬೇಳೆಪಲ್ಯ ಬಡಿಸಿದಾಗ, ಪಕ್ಕದಲ್ಲಿ ಕೂತ ಅಮರಪ್ಪನ ತಾಟನ್ನು ಓರೆಗಣ್ಣಿನಿಂದ ನೋಡಿದ. ಅಲ್ಲಿ ಬೇಳೆ ಇರಲಿಲ್ಲ. ಕೆಂಪು ಖಾರ ಮತ್ತು ರೊಟ್ಟಿ ಇದ್ದವು. ಅಂಬ್ರಪ್ಪ ಎದ್ದು ಒಲೆಯ ಹಿಂದೆ ಇಣುಕಿದ. ಒಬ್ಬರಿಗೆ ಸಾಲುವಷ್ಟು ಒಂದು ಸಣ್ಣ ಪಾತ್ರೆ, ಮೇಲೆ ಮುಚ್ಚಳ.

"ಇದು ಯಾರ ಸಲುವಾಗಿ ಬಸ್ಸಮ್ಮ?"

"ಯಾವಾಗ ಬರ್ತೀರೊ ಗೊತ್ತಾಗಂಗಿಲ್ಲಲ್ಲಣ್ಣ. ದಿನಾ ಮಾಡಿ ಇಟ್ಟಿರ್ತೀನಿ," ಎಂದಳು ಬಸ್ಸಮ್ಮ, ತಪ್ಪೇನಿದೆ ಎಂಬಂತೆ.

ಬಾರದ ದಿನ ಅದನ್ನು ಅವಳೇ ತಿನ್ನುತ್ತಿದ್ದಳು ಎಂಬುದೂ ಹೊರಬಿತ್ತು. ಅಂಬ್ರಪ್ಪ ತನ್ನ ತಾಟನ್ನು ಅಮರಪ್ಪನ ಮುಂದಿಟ್ಟು, ಅಮರಪ್ಪನ ತಾಟನ್ನು ತನ್ನ ಮುಂದೆ ಎಳೆದುಕೊಂಡ. ಅಮರಪ್ಪ ಯಾರಾದರೂ ಕಸಿದುಕೊಂಡಾರು ಎಂದು ಅವಸರದಲ್ಲಿ ಉಂಡು ನೆತ್ತಿಗೇರಿಸಿಕೊಂಡ. ಬಸ್ಸಮ್ಮನಿಗೆ ಎರಡನೆಯ ನಪಾಸು.

ಅಂದಿನಿಂದ ಯಾವ ಮನೆಗೆ ಹೋದರೂ ತಾಟು ಅದಲುಬದಲು ಮಾಡುವುದೇ ಪರೀಕ್ಷೆಯ ಪದ್ಧತಿಯಾಯಿತು. ಊಟದ ಹೊತ್ತಿಗೆ ಗಂಡಸರು ಏರಿಯ ಮೇಲೆ ಸಾಲಾಗಿ ನಿಂತು, "ಇವತ್ತು ನಮ್ಮ ಮನಿಗಿ ಬಾ ಅಣ್ಣ," ಎಂದು ಬೇಡತೊಡಗಿದರು. ಹೆಂಗಸರು ಬೇರೆ ದಾರಿಯಿಲ್ಲದೆ ಎಲ್ಲರಿಗೂ ಒಂದೇ ಅಡುಗೆ ಮಾಡತೊಡಗಿದರು. ಸೊಪ್ಪು, ನುಗ್ಗೆ, ಹುಣಸೆ ಚಿಗುರು ಎಂದು ಹುಡುಕಿ ತಂದು, ಅಜ್ಜಿಯರ ಕಾಲದ ಪಲ್ಯಗಳನ್ನು ನೆನಪಿಸಿಕೊಂಡು. ಕ್ಯಾಂಪಿನ ಊಟ ನಿಜವಾಗಿಯೂ ಅಗ್ಗವಾಗಿದ್ದು, ರುಚಿಯಾಗಿದ್ದು ಆಗಿನಿಂದಲೇ.

ಅದರ ಪರಿಣಾಮ ಅಂಬ್ರಪ್ಪನ ಮೇಲೆಯೇ ಮೊದಲು ಕಾಣಿಸಿತು. ಬಡಿಸಿದವರಿಗೆ ಬೇಸರವಾಗಬಾರದೆಂದು ಒಂದು ರೊಟ್ಟಿ, ಸರಿಯಾಗಿ ಅಳೆಯಬೇಕೆಂದು ಇನ್ನೊಂದು ರೊಟ್ಟಿ. ಎಂಟನೆಯ ತಾರೀಕಿನಿಂದ ಮರಿಲಿಂಗಮ್ಮ, "ಮಧ್ಯಾಹ್ನದ್ದು ಒಂದೇ ನೋಡಿದ್ರ ಹೆಂಗ? ಸಂಜಿ ಮುಂದ ಕಳ್ಳಾಟ ಮಾಡ್ತಾರ," ಎಂದು ಸಂಜೆಯ ಊಟಕ್ಕೂ ಕಳಿಸತೊಡಗಿದ್ದಳು. ಅಂಗಿಯ ಕೆಳಗಿನ ಗುಂಡಿ ಮೊದಲು ಹೋಯಿತು, ಆಮೇಲೆ ಅದರ ಮೇಲಿನದು. ಮೆಟ್ಟಿಲಿಳಿದು ಮೇಲೆ ಬಂದು ವೈರ್‌ಲೆಸ್ ಹಿಡಿದರೆ ಏದುಸಿರು. "ಏನ್ರಿ, ಕಾಲುವಿ ಒಡದದೇನು?" ಎಂದು ಆ ಕಡೆಯ ಆಪರೇಟರ್ ಗಾಬರಿಯಿಂದ ಕೇಳಿದ. "ಇಲ್ರಿ. ಸಜ್ಜಿ ರೊಟ್ಟಿ," ಎಂದ ಅಂಬ್ರಪ್ಪ.

ಇನ್ನೊಂದು ಪರೀಕ್ಷೆ ಮಾತ್ರ ನಡೆಯಲೇ ಇಲ್ಲ. ಮರಿಲಿಂಗಮ್ಮನ ಅಡುಗೆ ನೋಡಲು ಶಿವಬಸಮ್ಮ ಬರಬೇಕಿತ್ತು. ಮೊದಲ ಸಲ ಕೇಳಿದಾಗ ಸೋಮವಾರ, ಉಪವಾಸ. ಸರಿ. ಗುರುವಾರ ಕೇಳಿದರೆ ಅಬ್ಬೆತುಮಕೂರಿನ ಮಠಕ್ಕೆ ಹರಕೆ ಹೊತ್ತಿದ್ದು, ಆ ದಿನವೂ ಉಪವಾಸ. ಶನಿವಾರ ಹಲ್ಲು ನೋವು. ಆಮೇಲೆ ಏಕಾದಶಿ ಬಂತು; ಅವರ ಮನೆಯಲ್ಲಿ ಏಕಾದಶಿ ಹಿಡಿಯುವ ಪದ್ಧತಿ ಹಿಂದೆ ಯಾವ ಕಾಲಕ್ಕೂ ಇರಲಿಲ್ಲ. ಆ ತಿಂಗಳು ಶಿವಬಸಮ್ಮ ಮಾಡಿದಷ್ಟು ಉಪವಾಸವನ್ನು ಸನ್ಯಾಸಿಗಳೂ ಮಾಡಿರಲಾರರು. ಅದರಿಂದ ಅವಳ ಮನೆಯ ಖರ್ಚೂ ಇಳಿಯುತ್ತಿದೆ ಎಂದು ಚಮನಬೀ ಆಕ್ಷೇಪಣೆ ತೆಗೆದಳು.

ಮರಿಲಿಂಗಮ್ಮ ಪ್ರತಿ ಸಲವೂ, "ಆಗ್ಲಿ ಅಕ್ಕಾರ, ನಾಳಿ ಬರ್ರಿ," ಎಂದು ನಕ್ಕು ಬರುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಶಿವಬಸಮ್ಮ ಕೆಟ್ಟವಳೇನಲ್ಲ. ಅಂಬ್ರಪ್ಪನಿಗೆ ತನ್ನ ಅಡುಗೆಮನೆಯಲ್ಲಿ ಬಡಿಸಿದ್ದು ಅವಳಿಗೆ ತಾನೇ ಅಂದುಕೊಂಡದ್ದಕ್ಕಿಂತ ಸುಲಭವಾಗಿತ್ತು. ಇನ್ನೊಬ್ಬರ ಮನೆಯಲ್ಲಿ ಕೂತು ಕೈ ತೊಳೆದುಕೊಂಡು ತಾಟಿಗೆ ಕೈ ಹಾಕುವುದು ಬೇರೆ. ಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅತ್ತೆ ತೀರಿ ಆರು ವರ್ಷವಾಗಿತ್ತು, ಚನ್ನಯ್ಯ ಬೇಡ ಎನ್ನುವ ಗಂಡಸಲ್ಲ. ಆದರೂ ಬಾಗಿಲ ತನಕ ಬಂದು, ಏನೋ ನೆನಪಾದವಳಂತೆ ತಿರುಗಿ ಹೋಗುತ್ತಿದ್ದಳು.

ನವೆಂಬರ್ ಮೂವತ್ತು. ಸಂಜೆ ನಾಲ್ಕಕ್ಕೆ ನಲ್ಲಿಯ ಪಕ್ಕದ ಬೇವಿನ ಮರದ ಕೆಳಗೆ ಎಂಟೂ ಮನೆಯವರು ಸೇರಿದರು. ಯೂನುಸ ಯಾದಗಿರಿಯಿಂದ ತಂದ ಐದು ಲೀಟರಿನ ಕುಕ್ಕರು ಕಟ್ಟೆಯ ಮೇಲೆ ಹೊಳೆಯುತ್ತಿತ್ತು. ಅಂಬ್ರಪ್ಪ ಬಿಗಿಯಾದ ಅಂಗಿಯಲ್ಲಿ ಉಸಿರು ಹಿಡಿದು ನಿಂತು, ಕೆಳಗಿನಿಂದ ಮೇಲಕ್ಕೆ ಓದುತ್ತಾ ಬಂದ. ಬಸ್ಸಮ್ಮ ನೂರಾ ಎಂಟು ರೂಪಾಯಿ, ಎಲ್ಲರಿಗಿಂತ ಕೆಳಗೆ. ನಡುವಿನ ನಾಲ್ಕು ಮನೆಗಳು ತೊಂಬತ್ತೈದರಿಂದ ನೂರಾ ಐದರೊಳಗೆ. ಶಿವಬಸಮ್ಮ ತೊಂಬತ್ತೊಂದು. ಚಮನಬೀ ಎಂಬತ್ತೆಂಟು. ಚಮನಬೀ ಕುಕ್ಕರಿನ ಕಡೆ ಒಂದು ಹೆಜ್ಜೆ ಇಟ್ಟಳು.

"ಮರಿಲಿಂಗಮ್ಮ, ಎರಡು ತಲಿ, ನೂರಾ ಇಪ್ಪತ್ನಾಕು ರೂಪಾಯಿ. ತಲಿಗಿ ಅರವತ್ತೆರಡು," ಎಂದ ಅಂಬ್ರಪ್ಪ.

ಚಮನಬೀ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಮೊದಲು ಅರ್ಥವಾದದ್ದು ಬಸ್ಸಮ್ಮನಿಗೆ. "ಅಲ್ಲೇ ಮರಿಲಿಂಗಮ್ಮ, ಗಂಡನ್ನ ತಿಂಗಳ ತನಕ ನಮ್ಮ ಮನಿಗಿ ಉಣ್ಣಾಕ ಹಚ್ಚಿ, ನೀ ಮನ್ಯಾಗ ಒಬ್ಬಾಕಿದೇ ಒಲಿ ಹಚ್ಚಿದ್ದೇನು?"

"ನಾ ಹಚ್ಚಿದ್ನೇನು? ನೀವೇ ಆರಿಸಿ ಕರಕೊಂಡ ಹೋದವ್ರು," ಎಂದಳು ಮರಿಲಿಂಗಮ್ಮ. ಅವಳಿಗೆ ಈ ಲೆಕ್ಕ ಏಳನೆಯ ತಾರೀಕಿಗೇ ಹೊಳೆದಿತ್ತು. ಎಂಟರಿಂದ ಸಂಜೆಯ ಊಟಕ್ಕೂ ಕಳಿಸಿದ್ದು ಅದಕ್ಕೇ.

ಗದ್ದಲವೆದ್ದಿತು. ಅಂಬ್ರಪ್ಪ ಕೈ ಎತ್ತಿದ. "ಇನ್ನೊಂದು ಹಾಳಿ ಅದ, ತಡೀರಿ," ಎಂದು ಪುಟ ತಿರುವಿದ. "ತಿಂಗಳಿಗೆ ಅರವತ್ತು ಊಟ. ಅದರಾಗ ಐವತ್ತೆರಡು ನಾ ನಿಮ್ಮ ಮನ್ಯಾಗ ಉಂಡೀನಿ. ನಮ್ಮ ಮನ್ಯಾಗ, ಇವತ್ತಿನ ಸಂಜೀದೂ ಹಿಡದು, ಎಂಟು. ಅಂದ ಮ್ಯಾಲ ನಮ್ಮ ಮನ್ಯಾಗ ಎರಡು ತಲಿ ಇರಲಿಲ್ಲ. ಒಂದು ತಲಿ, ಮ್ಯಾಲ ಅರವತ್ತರಾಗ ಎಂಟು ಭಾಗ. ಹಂಗ ಹಂಚಿದ್ರ ತಲಿಗಿ ನೂರಾ ಒಂಬತ್ತು ರೂಪಾಯಿ ನಲವತ್ತೊಂದು ಪೈಸಾ ಬರ್ತದ." ಒಂದು ಕ್ಷಣ ನಿಂತು, "ನಮ್ಮದೇ ಎಲ್ಲಾರಕಿಂತ ಕಡೀಕ," ಎಂದ.

ಬಸ್ಸಮ್ಮ ತಾನು ಕೊನೆಯವಳಲ್ಲ ಎಂದು ಗೊತ್ತಾದ ಸಂತೋಷಕ್ಕೆ ಪಕ್ಕದವಳ ಕೈ ಹಿಡಿದುಕೊಂಡಳು. ಮರಿಲಿಂಗಮ್ಮ ಗಂಡನನ್ನು ನೋಡಿದ ನೋಟವನ್ನು ಕಂಡು ಯೂನುಸ ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ನಲವತ್ತೊಂದು ಪೈಸಾ," ಎಂದಳು ಮರಿಲಿಂಗಮ್ಮ ಮೆಲ್ಲಗೆ. ಆಮೇಲೆ ಎಲ್ಲರ ಕಡೆ ತಿರುಗಿದಳು. "ಆಗ್ಲಿ. ಕುಕ್ಕರು ಹೋಗ್ಲಿ. ಆದ್ರ ನನ್ನ ಅಡಗಿ ಪರೀಕ್ಷಾ ಎಲ್ಲಿ ಆಯ್ತು? ಒಂದ ದಿನಾನೂ ನೋಡದೆ ಕಡೀಕ ಹೆಂಗ ಹಾಕ್ತೀರಿ? ನೋಡೋರು ಬರಲೇ ಇಲ್ಲ."

ಈ ಸಲ ಯಾರೂ ಕಣ್ಣು ಹಿಂತಿರುಗಿಸಲಿಲ್ಲ. ಎಲ್ಲರೂ ಶಿವಬಸಮ್ಮನನ್ನೇ ನೋಡಿದರು.

"ಇವತ್ತು ಸೋಮವಾರ," ಎಂದಳು ಶಿವಬಸಮ್ಮ. ಅದು ಸುಳ್ಳಾಗಿರಲಿಲ್ಲ. ಸೋಮವಾರದ ಉಪವಾಸ ಅವಳು ಮದುವೆಯಾದಾಗಿನಿಂದ ಹಿಡಿದದ್ದು. ಚನ್ನಯ್ಯ ಗಂಟಲು ಸರಿಪಡಿಸಿಕೊಂಡ. ಇಡೀ ತಿಂಗಳಲ್ಲಿ ಅವನು ಆಡಿದ ಮಾತು ಅದೊಂದೇ ಇರಬೇಕು: "ಹೊತ್ತು ಮುಳುಗಿದ ಮ್ಯಾಲ ಉಪಾಸ ಬಿಡ್ತೀಯಲ್ಲ ಯಾವಾಗ್ಲೂ."

ಶಿವಬಸಮ್ಮ ಗಂಡನನ್ನು ನೋಡಿದಳು, ಕುಕ್ಕರನ್ನು ನೋಡಿದಳು, ಕೊನೆಗೆ ಮರಿಲಿಂಗಮ್ಮನನ್ನು ನೋಡಿದಳು. "ಏನ್ ಮಾಡೀದಿ?" ಎಂದು ಕೇಳಿದಳು.

"ಪುಂಡಿಪಲ್ಯ. ರೊಟ್ಟಿ ಬಿಸಿ ಮಾಡಿ ಹಾಕ್ತೀನಿ."

ಸಂಜೆ ಆರರ ಮಟ್ಟ ಬರೆದು ಅಂಬ್ರಪ್ಪ ಮನೆಗೆ ಬಂದಾಗ ಅಂಗಳದಲ್ಲಿ ಆರು ಮನೆಯ ಹೆಂಗಸರು ನಿಂತಿದ್ದರು. ಒಳಗೆ ಒಲೆಯ ಮುಂದೆ ಮರಿಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಶಿವಬಸಮ್ಮ ಕೂತು ಉಣ್ಣುತ್ತಿದ್ದಳು. ರೊಟ್ಟಿ ಹೆಂಚಿನಿಂದ ತಾಟಿಗೆ ಬರುತ್ತಿತ್ತು, ತಾಟಿನಿಂದ ಮಾಯವಾಗುತ್ತಿತ್ತು. ದಿನವಿಡೀ ಉಪವಾಸ ಇದ್ದ ಹೊಟ್ಟೆ. ಬಾಗಿಲಲ್ಲಿ ನಿಂತ ಚಮನಬೀ ಬೆರಳು ಮಡಿಸಿ ಎಣಿಸುತ್ತಿದ್ದಳು. ಐದನೆಯ ಬೆರಳು ಮಡಿಸಿದಾಗ ಶಿವಬಸಮ್ಮ ಕೈ ತೊಳೆದಳು.

"ಪಾಸು," ಎಂದಳು. ಎದ್ದು ನಿಂತು ಸೆರಗು ಸರಿ ಮಾಡಿಕೊಂಡು, "ಎಣ್ಣಿ ಜರಾ ಜಾಸ್ತಿ ಆಗ್ಯದ," ಎಂದಳು.

"ಹೆಂಗ ಜಾಸ್ತಿ? ಒಂದೇ ಚಮಚ ಹಾಕೀನಿ," ಎಂದಳು ಮರಿಲಿಂಗಮ್ಮ, ಹಿಟ್ಟಿನ ಕೈ ತೋರಿಸುತ್ತಾ.

"ನಿನ್ನ ಚಮಚ ದೊಡ್ಡದದ."

ಚಮಚ ತಂದು ನೋಡಿದರು. ವಾದ ಅಂಗಳಕ್ಕೆ ಬಂತು, ಅಂಗಳದಿಂದ ನಲ್ಲಿಗೆ ಹೋಯಿತು. ಅದು ಮುಗಿಯುವಷ್ಟರಲ್ಲಿ ಚಮನಬೀ ಕುಕ್ಕರನ್ನು ಮನೆಗೆ ಒಯ್ದು ಅನ್ನಕ್ಕಿಟ್ಟಾಗಿತ್ತು. ಸೀಟಿ ಕೇಳಿದ ಮೇಲೆಯೇ ಉಳಿದವರಿಗೆ ಪಂದ್ಯ ನೆನಪಾದದ್ದು.

ಮರಿಲಿಂಗಮ್ಮ ಎಂಟು ದಿನ ಗಂಡನ ಜೊತೆ ಮಾತಾಡಲಿಲ್ಲ. ಆದರೆ ಮುಂದಿನ ಸೋಮವಾರ ಸಂಜೆಯ ಹೊತ್ತಿಗೆ ಶಿವಬಸಮ್ಮ ಒಂದು ಬಟ್ಟಲು ಕೋಸಿನ ಆ ಹೆಸರಿಲ್ಲದ ಪಲ್ಯ ಹಿಡಿದುಕೊಂಡು ಬಂದು, "ರೊಟ್ಟಿ ಅದಾವೇನೆ?" ಎಂದು ಒಳಗೆ ಬಂದು ಕೂತಳು. ಮುಂದೆ ಅದೇ ರೂಢಿಯಾಯಿತು. ಪಂದ್ಯದಿಂದ ಉಳಿದ ದುಡ್ಡು ಹೀಗೆ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದರಲ್ಲಿ ಡಿಸೆಂಬರಿನಲ್ಲೇ ತೀರಿತು ಎಂದು ಕ್ಯಾಂಪಿನ ಗಂಡಸರು ಹೇಳುತ್ತಾರೆ. ಬೆಲೆ ಇಳಿದು ಉಳ್ಳಾಗಡ್ಡಿ ಮತ್ತೆ ಒಲೆಗೆ ಬಂತು. ಹೊನಗೊನೆ ಸೊಪ್ಪು ಕೀಳುವುದನ್ನು ಚನ್ನಯ್ಯ ಮಾತ್ರ ಬಿಡಲಿಲ್ಲ. ಅದು ಮನಸ್ಸಿಗೆ ಹಿಡಿಸಿದೆ ಎನ್ನುತ್ತಿದ್ದ.

ಅಂಬ್ರಪ್ಪನ ನಿವೃತ್ತಿಯಾಗಿ ಈಗ ಬಹಳ ವರ್ಷವಾಯಿತು. ಹೆಂಡತಿಯ ತವರು ರಾಮಸಮುದ್ರದಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಊರಿನ ಮದುವೆಗಳಲ್ಲಿ ಅಡುಗೆಯವರು ಅವನನ್ನು ಕೊನೆಯ ಪಂಕ್ತಿಗೇ ಕೂಡಿಸುತ್ತಾರೆ. ಮೊದಲ ಪಂಕ್ತಿಗೆ ಕೂತು ಅವನು ಸಾರಿನ ಬಟ್ಟಲಿಗೆ ಕಣ್ಣು ಹಚ್ಚಿದರೆ, ಉಳಿದವರೂ ಕೈ ತಡೆದು, ತಿಳಿಯಾಗುವವರೆಗೆ ಕಾಯುತ್ತಾರೆ.